ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು ಯಾರು?

ಕೆಲವು ವರ್ಷಗಳ ಹಿಂದೆ ಚೆನ್ನೈನಲ್ಲೂ ಕರ್ನಾಟಕದ ಊರುಗಳಲ್ಲೂ ಒಂದು ವ್ಯಾಪಾರ ಜೋರಾಗಿತ್ತು. ಹೆಸರು ಮಿಡ್‌ಬ್ರೈನ್ ಆ್ಯಕ್ಟಿವೇಶನ್. ಸಾವಿರಾರು ರೂಪಾಯಿ ಕಟ್ಟಿ ಮಗುವನ್ನು ಶಿಬಿರಕ್ಕೆ ಕಳಿಸಿದರೆ, ಅದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದುತ್ತದೆ, ಬಣ್ಣ ಗುರುತಿಸುತ್ತದೆ ಎಂಬ ಭರವಸೆ. ಮಕ್ಕಳು ಗುರುತಿಸುತ್ತಿದ್ದರು ಕೂಡ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅದರ ಗುಟ್ಟು ಬಿಚ್ಚಿಟ್ಟರು: ಮೂಗಿನ ಪಕ್ಕದ ಸಂದಿಯಿಂದ ಕೆಳಗೆ ನೋಡಬಹುದು.

ಇಲ್ಲಿಗೆ ನಕ್ಕು ಎದ್ದುಹೋಗುವವರೇ ಹೆಚ್ಚು. ಅದು ಸಾಲದು. ನಾಳೆ ಇನ್ನೊಬ್ಬ ಚತುರ ಬಟ್ಟೆ ಬಿಟ್ಟು ಅಂಕಿ ಹಿಡಿದು ಬರುತ್ತಾನೆ. ಆಗ ಮೋಸಹೋಗುವವರು ಓದಿದವರೇ.

1930ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೆ.ಬಿ. ರೈನ್ ಅತೀಂದ್ರಿಯ ಶಕ್ತಿಯನ್ನು ಅಳೆಯಲು 25 ಕಾರ್ಡುಗಳ ಕಟ್ಟು ಬಳಸಿದರು. ಐದು ಚಿಹ್ನೆ, ಒಂದೊಂದೂ ಐದು ಸಲ. ಬರೀ ಊಹಿಸಿದರೆ ಸರಾಸರಿ 5 ಸರಿ. ರೈನ್ ಜತೆ ಕೆಲಸ ಮಾಡಿದ್ದ ಕೆ. ರಾಮಕೃಷ್ಣ ರಾವ್ 1960ರ ದಶಕದಲ್ಲಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಇಂಥ ಅಧ್ಯಯನಕ್ಕೆ ವಿಭಾಗವನ್ನೇ ಕಟ್ಟಿದರು. ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ್ದಕ್ಕಾಗಿ ಇವರನ್ನು ಬಯ್ಯಬೇಕಿಲ್ಲ. ಉತ್ತರವನ್ನು ಓದುವ ಬಗೆಯಲ್ಲಿದೆ ತಕರಾರು.

ಚೆನ್ನೈನ ಒಂದು ಸಭಾಂಗಣದಲ್ಲಿ 200 ಮಕ್ಕಳಿಗೆ ಈ ಪರೀಕ್ಷೆ ಕೊಟ್ಟೆವೆನ್ನಿ. ಊಹೆಯಿಂದಲೇ 9 ಅಥವಾ ಹೆಚ್ಚು ಸರಿ ಹೇಳುವ ಸಂಭವ ನೂರಕ್ಕೆ ಸುಮಾರು 5. ಅಂದರೆ ಯಾವ ಶಕ್ತಿಯೂ ಇಲ್ಲದೆ ಒಂಬತ್ತು-ಹತ್ತು ಮಕ್ಕಳು ಪಾಸು. ಅವರನ್ನಷ್ಟೇ ವೇದಿಕೆ ಹತ್ತಿಸಿ ಫೋಟೊ ತೆಗೆಯಿರಿ, ಉಳಿದವರನ್ನು ಮನೆಗೆ ಕಳಿಸಿ. ಪವಾಡ ಸಿದ್ಧ! ಅದೇ ಮಕ್ಕಳಿಗೆ ಮರುದಿನ ಮತ್ತೆ ಪರೀಕ್ಷೆ ಕೊಟ್ಟರೆ ಸರಾಸರಿ 5ರ ಆಸುಪಾಸಿಗೆ ಇಳಿಯುತ್ತದೆ. ಆಗ ‘ಮಗು ದಣಿದಿದೆ’ ಎಂಬ ನೆಪ.

ಇನ್ನು, ಆಕಸ್ಮಿಕವಲ್ಲ ಎಂದಾಕ್ಷಣ ಅತೀಂದ್ರಿಯ ಎಂದಾಗುವುದಿಲ್ಲ. ಬಟ್ಟೆ ಕಟ್ಟಿಕೊಂಡ ಮಗು 25ಕ್ಕೆ 25 ಹೇಳಿದರೆ ಅದು ಖಂಡಿತ ಆಕಸ್ಮಿಕವಲ್ಲ. ಮೂಗಿನ ಸಂದಿ! ಆ ಸಂದಿಯನ್ನು ಯಾವ ಲೆಕ್ಕವೂ ಮುಚ್ಚಲಾರದು, ಪ್ರಯೋಗ ಮಾಡುವವರೇ ಮುಚ್ಚಬೇಕು. 2011ರಲ್ಲಿ ಮನೋವಿಜ್ಞಾನಿ ಡ್ಯಾರಿಲ್ ಬೆಮ್, ಒಂದು ಬಗೆಯ ಚಿತ್ರಗಳು ಎಲ್ಲಿ ಬರುತ್ತವೆಂದು ಜನ ಮುಂಚೆಯೇ ಊಹಿಸುತ್ತಾರೆ, ನೂರಕ್ಕೆ 50ರ ಬದಲು 53.1 ಸರಿ ಎಂದು ಪ್ರಕಟಿಸಿದರು. ಬೆಮ್ ಅವರ ಇಂಥ ಪ್ರಯೋಗಗಳಲ್ಲಿ ಇನ್ನೊಂದನ್ನು ಮರುವರ್ಷ ಬೇರೆಯವರು ಮೂರು ಸಲ ಮಾಡಿ ನೋಡಿದಾಗ ಏನೂ ಸಿಗಲಿಲ್ಲ.

ಕನ್ನಡದಲ್ಲಿ ಪಿಯುಸಿಯ ಪಠ್ಯಕ್ಕೂ ಸಂಖ್ಯಾಶಾಸ್ತ್ರ ಎಂದೇ ಹೆಸರು, ಹೆಸರಿನ ಅಕ್ಷರ ಕೂಡಿಸಿ ಭವಿಷ್ಯ ಹೇಳುವವರ ಬೋರ್ಡಿಗೂ ಅದೇ ಹೆಸರು. ಪದ ಬೇರೆಯಾದರೆ ಗೊಂದಲ ಹೋಗುತ್ತದೆಂದು ನೆಚ್ಚುವಂತಿಲ್ಲ. ತಮಿಳಿನಲ್ಲಿ ಮೊದಲನೆಯದು ಪುಳ್ಳಿಯಿಯಲ್, ಎರಡನೆಯದು ಎಣ್ ಜೋದಿಡಂ. ಪದ ಎರಡಿದ್ದರೂ ಶಿಬಿರಗಳು ಚೆನ್ನೈನಲ್ಲೂ ತುಂಬಿದವು.

ನಷ್ಟ ದುಡ್ಡಿನದಷ್ಟೇ ಅಲ್ಲ. ವೇದಿಕೆಯ ಮೇಲಿನ ಮಗುವಿಗೆ ತಾನು ಇಣುಕುತ್ತಿರುವುದು ಗೊತ್ತು. ಎದುರಿಗೆ ಅಪ್ಪ ಅಮ್ಮ ಚಪ್ಪಾಳೆ ತಟ್ಟುತ್ತಿದ್ದಾರೆ. ನಿಜ ಹೇಳಿದರೆ ಅವರ ಮುಖ ಬಾಡುತ್ತದೆ. ಎಂಟು-ಹತ್ತು ವರ್ಷದ ಮಗುವಿನ ಮೇಲೆ ಈ ಸುಳ್ಳಿನ ಹೊರೆ ಹೊರಿಸಿದವರು ದೊಡ್ಡವರು. ಹಣ ಕಟ್ಟುವ ಮುಂಚೆ ಅವರು ಮೂರು ಪ್ರಶ್ನೆ ಕೇಳಲಿ: ಎಷ್ಟು ಮಕ್ಕಳನ್ನು ಪರೀಕ್ಷಿಸಿದಿರಿ? ತಪ್ಪು ಹೇಳಿದವರ ಲೆಕ್ಕ ಎಲ್ಲಿದೆ? ಕಾರ್ಡನ್ನು ಮಗುವಿನ ಬೆನ್ನ ಹಿಂದೆ ಹಿಡಿಯಲು ಒಪ್ಪುತ್ತೀರಾ?