ಗೋಣಿತಟ್ಟಿನ ಮೇಲೆ ಕೂತ ಹುಡುಗನ ಕನ್ನಡ

ಶಾಲೆಗೆ ಹೊರಟ ಆ ಹುಡುಗನ ಕೈಯಲ್ಲಿ ಪುಸ್ತಕದ ಜೊತೆಗೊಂದು ಗೋಣಿತಟ್ಟಿನ ತುಂಡು. ತರಗತಿಯ ಮೂಲೆಯಲ್ಲಿ ಅದನ್ನು ಹಾಸಿಕೊಂಡು ಕೂರಬೇಕು, ಸಂಜೆ ಮನೆಗೆ ಹೊತ್ತೊಯ್ಯಬೇಕು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುವುದಿಲ್ಲ. ಬಾಯಾರಿದರೆ ಮೇಷ್ಟ್ರ ಅಪ್ಪಣೆ ಬೇಕು, ನಲ್ಲಿ ತಿರುಗಿಸಲು ಜವಾನ ಬೇಕು. ಜವಾನನಿಲ್ಲದಿದ್ದರೆ ನೀರಿಲ್ಲ. ಸಾತಾರಾದಲ್ಲಿ ಕಳೆದ ಬಾಲ್ಯದ ಬಗ್ಗೆ ಅಂಬೇಡ್ಕರ್ ತಾವೇ ಬರೆದಿಟ್ಟ ಸಂಗತಿಗಳಿವು. 2020ರ ಜುಲೈನಲ್ಲಿ ಜೀ ಕನ್ನಡದಲ್ಲಿ ‘ಮಹಾನಾಯಕ’ ಧಾರಾವಾಹಿ ಶುರುವಾದಾಗ ಆ ಬಾಲ್ಯದ ಕಥೆ ಕನ್ನಡದ ಮನೆಗಳ ನಡುಮನೆಗೆ ಬಂತು.

ಧಾರಾವಾಹಿ ಇಲ್ಲಿನದಲ್ಲ. ಆ್ಯಂಡ್ ಟಿವಿಯಲ್ಲಿ 2019ರ ಡಿಸೆಂಬರ್‌ನಿಂದ ಹಿಂದಿಯಲ್ಲಿ ಬರುತ್ತಿದ್ದದ್ದು, ಡಬ್ ಆಗಿ ಕನ್ನಡಕ್ಕೆ ಬಂತು. ಕೊರೊನಾ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತು ವಾಹಿನಿಗಳ ಬಳಿ ಹೊಸ ಕಂತುಗಳೇ ಇರಲಿಲ್ಲ. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣ ಡಬ್ ಮಾಡಿದ ‘ಮಹಾಭಾರತ’ವನ್ನು ತಂದಿತು. ಅದರ ಬೆನ್ನಿಗೇ ಭೀಮರಾವ್ ಬಂದ.

ಡಬ್ಬಿಂಗ್ ಬೇಡ ಎಂಬ ಹಳೆಯ ಕೂಗು ಮತ್ತೆ ಎದ್ದದ್ದೂ ಆಗಲೇ. ಆ ಕೂಗಿಗೊಂದು ಗೌರವದ ಚರಿತ್ರೆಯಿದೆ, ಅದನ್ನು ಅಲ್ಲಗಳೆಯುವುದು ಅನ್ಯಾಯ. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಅಂಥ ಕನ್ನಡ ಹೋರಾಟಗಾರರು ಬೀದಿಗಿಳಿದಾಗ ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೋಗಳ ಋಣದಲ್ಲಿತ್ತು. ಇಲ್ಲಿನ ನಟನಿಗೆ, ಲೈಟ್‌ಬಾಯ್‌ಗೆ ಕೆಲಸ ಸಿಗಬೇಕಾದರೆ ಪರಭಾಷೆಯ ಅಗ್ಗದ ಸರಕಿಗೆ ಅಡ್ಡಗಟ್ಟೆ ಹಾಕಲೇಬೇಕಿತ್ತು. ಆದರೆ ಆ ಅಡ್ಡಗಟ್ಟೆ ಕಾನೂನಾಗಿರಲಿಲ್ಲ. ಉದ್ಯಮ ತಾನೇ ಹಾಕಿಕೊಂಡ ಕಟ್ಟಳೆ ಅರ್ಧ ಶತಮಾನ ಕಾನೂನಿನಂತೆ ನಡೆಯಿತು. ಕೊನೆಗೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಪ್ಪೆಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು.

ಈ ಅಡ್ಡಗಟ್ಟೆಯಿಂದ ನೋಡುಗ ಕಳೆದುಕೊಂಡದ್ದೇನು? 2012ರಲ್ಲಿ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳಂಗಳಲ್ಲಿ ಪ್ರಸಾರವಾಯಿತು, ವಿರೋಧದಿಂದಾಗಿ ಕನ್ನಡದಲ್ಲಿ ಆಗಲಿಲ್ಲ. ಆ ವರ್ಷದ ಜುಲೈನಲ್ಲಿ ಅದರ ಒಂದು ಕಂತು ಅಸ್ಪೃಶ್ಯತೆಯ ಬಗ್ಗೆಯೇ ಇತ್ತು. ಮಲ ಹೊರುವವರ, ಊರ ಬಾವಿಯ ಬಳಿ ಸುಳಿಯಲಾಗದವರ ಮಾತು ಚೆನ್ನೈಯ ಮನೆಗೆ ತಮಿಳಿನಲ್ಲಿ ಕೇಳಿಸಿತು. ಹಿಂದಿ ಬಾರದ ಕೊಪ್ಪಳದ ಮನೆಗೆ ಕೇಳಿಸಲಿಲ್ಲ. ಇದರಿಂದ ಕನ್ನಡ ಉಳಿಯಿತೆಂದು ಹೇಳುವ ಎದೆಗಾರಿಕೆ ಯಾರಿಗಿದೆ?

ಡಬ್ಬಿಂಗ್‌ನಿಂದ ಸಂಸ್ಕೃತಿ ಕೆಡುತ್ತದೆ ಎಂಬ ವಾದವಂತೂ ನಿಲ್ಲುವುದೇ ಇಲ್ಲ. ಜನ ಮುಗಿಬಿದ್ದು ನೋಡಿದ ‘ಜೊತೆ ಜೊತೆಯಲಿ’ ಮರಾಠಿಯ ‘ತುಲಾ ಪಾಹತೆ ರೇ’ಯ ರಿಮೇಕ್. ಕಥೆ, ಪಾತ್ರ, ತಿರುವುಗಳೆಲ್ಲ ಗಡಿಯಾಚೆಯಿಂದ ಬಂದರೂ ಅಡ್ಡಿಯಿಲ್ಲ, ಮೂಲದ ಮುಖಗಳೇ ಕನ್ನಡ ಮಾತಾಡಿದರೆ ಮಾತ್ರ ಸಂಸ್ಕೃತಿಗೆ ಧಕ್ಕೆ ಎಂದರೆ ಯಾರು ಒಪ್ಪುತ್ತಾರೆ? ಹೊಟ್ಟೆಪಾಡಿನ ಪ್ರಶ್ನೆ ಬೇರೆ, ಅದು ನಿಜವಾದದ್ದು. ಲಾಕ್‌ಡೌನ್‌ನಲ್ಲಿ ದಿನಗೂಲಿ ಕಳೆದುಕೊಂಡ ಮೇಕಪ್‌ನವರು, ಸೆಟ್ ಹುಡುಗರು ಡಬ್ಬಿಂಗ್ ಕಂಡು ಬೆಚ್ಚಿದ್ದು ಸಹಜ. ಅವರಿಗೆ ಕೆಲಸ ಕೊಡಿಸುವ ಹೊಣೆಯನ್ನು ವಾಹಿನಿಗಳು ಹೊರಬೇಕು. ಅದಕ್ಕಾಗಿ ನೋಡುಗನ ಕಣ್ಣು ಕಟ್ಟಬೇಕಾಗಿಲ್ಲ.

‘ಮಹಾನಾಯಕ’ದ ಮೊದಲ ಕಂತುಗಳಲ್ಲಿ ಕುಂದುಗಳು ಧಾರಾಳವಾಗಿದ್ದವು. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಯಾರಿಗಾದರೂ ಆಘಾತವಾದರೆ ಒಂದೊಂದೇ ಮುಖಕ್ಕೆ ಕ್ಯಾಮೆರಾ ನುಗ್ಗುವ, ಹಿಂದೆ ನಗಾರಿ ಬಡಿಯುವ ಹಿಂದಿ ಧಾರಾವಾಹಿಯ ಚಾಳಿ ಇಲ್ಲೂ ಬಿಟ್ಟಿರಲಿಲ್ಲ. ಹೆಚ್ಚು ಬೇಸರ ತರಿಸಿದ್ದು ಭಾಷೆ. ಭೀಮರಾವ್‌ನ ತಂದೆ ಸುಬೇದಾರ್ ರಾಮ್‌ಜಿಯ ಮನೆಯವರೂ ಅವರನ್ನು ದೂರವಿಟ್ಟವರೂ ಒಂದೇ ಗ್ರಾಂಥಿಕ ಕನ್ನಡ ಆಡುತ್ತಾರೆ. ಕೇರಿಯ ನುಡಿಗೆ ಸಾಹಿತ್ಯದಲ್ಲಿ ಎತ್ತರದ ಜಾಗ ಕೊಟ್ಟ ದೇವನೂರ ಮಹಾದೇವರ ನಾಡಿನಲ್ಲಿ ಡಬ್ಬಿಂಗ್ ಬರೆಯುವವರು ಇಷ್ಟು ಸಪ್ಪೆಯಾಗಬೇಕಿರಲಿಲ್ಲ.

ಆದರೂ ಜನ ನೋಡಿದರು. ಬಾಲಕ ಭೀಮರಾವ್‌ನ ಪಾತ್ರ ವಹಿಸಿದ ಪುಟ್ಟ ಹುಡುಗ ಆಯುಧ್ ಭಾನುಶಾಲಿಯ ಕಣ್ಣು ನೋಡಿದವರಿಗೆ ತುಟಿ ಹೊಂದುತ್ತಿಲ್ಲವೆಂಬುದು ಮರೆತೇಹೋಯಿತು. ಆಗಸ್ಟ್ ಹೊತ್ತಿಗೆ ಬೆದರಿಕೆ ಬಂತು. ಧಾರಾವಾಹಿ ನಿಲ್ಲಿಸುವಂತೆ ಮಧ್ಯರಾತ್ರಿ ಕರೆಗಳು ಬರುತ್ತಿವೆ, ಆದರೂ ನಿಲ್ಲಿಸುವುದಿಲ್ಲ ಎಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಬಹಿರಂಗವಾಗಿಯೇ ಹೇಳಿದರು. ಉತ್ತರ ಕೊಟ್ಟದ್ದು ಹಳ್ಳಿಗಳು. ಊರೂರಿನಲ್ಲಿ ‘ಮಹಾನಾಯಕ’ದ ಫ್ಲೆಕ್ಸ್‌ಗಳು ಎದ್ದವು. ಧಾರಾವಾಹಿಯೊಂದನ್ನು ಜನ ತಮ್ಮ ಕೈಯಿಂದ ದುಡ್ಡು ಹಾಕಿ, ಕಂಬ ನೆಟ್ಟು ಕಾಯ್ದುಕೊಳ್ಳುವುದು ಅಪರೂಪ. ಡಬ್ಬಿಂಗ್ ಬೇಕೋ ಬೇಡವೋ ಎಂದು ಬೆಂಗಳೂರಿನಲ್ಲಿ ಚರ್ಚಿಸುತ್ತಿದ್ದವರು ಈ ಜನರನ್ನು ಒಂದು ಮಾತೂ ಕೇಳಿರಲಿಲ್ಲ.

ಡಬ್ಬಿಂಗ್‌ಗೆ ಎದುರಾಗಿ ನಿಂತವರಿಗೆ ಈಗಲೂ ಒಂದು ದಾರಿಯಿದೆ. 1925ರಲ್ಲಿ ಅಂಬೇಡ್ಕರ್ ನಿಪ್ಪಾಣಿಗೆ ಬಂದು ಮುಂಬೈ ಪ್ರಾಂತ್ಯದ ದಮನಿತರ ಸಮ್ಮೇಳನದಲ್ಲಿ ಮಾತಾಡಿದ್ದರು. 1954ರಲ್ಲಿ ಕೋಲಾರದ ಚಿನ್ನದ ಗಣಿಗೂ ಬಂದಿದ್ದರು. ಆ ಕಥೆಗಳನ್ನು ಕನ್ನಡದ ಕಲಾವಿದರಿಂದ, ಬೆಳಗಾವಿಯ ಮತ್ತು ಕೋಲಾರದ ಮಾತಿನಲ್ಲೇ ತೆಗೆಯಲಿ. ಫ್ಲೆಕ್ಸ್ ಕಟ್ಟಿದ ಅದೇ ಜನ ಅದನ್ನೂ ನೋಡುತ್ತಾರೆ.