ಕುರ್ಚಿಯೂ ಮನೆಗೆ ಬರಲಿ

ಮನೆಯಿಂದ ಕೆಲಸ ಮಾಡಲು ಕಚೇರಿಯು ಲ್ಯಾಪ್‌ಟಾಪ್ ಕೊಡುತ್ತದೆ, ಕುರ್ಚಿ ಕೊಡುವುದಿಲ್ಲ. ಮುಂಬಯಿಯ ಒಂದು ಕೋಣೆಯ ಮನೆಗಳಲ್ಲಿ ಅದು ಮಂಚವನ್ನೇ ಮೇಜಾಗಿಸಿಕೊಳ್ಳುತ್ತದೆ. ಪರದೆಯೂ ಕೀಲಿಮಣೆಯೂ ಅಂಟಿಕೊಂಡಿರುವುದರಿಂದ ಕೈಗೆ ಹಿತವಾದ ಎತ್ತರ ಕಣ್ಣಿಗೆ ತಗ್ಗು. ಕುತ್ತಿಗೆ ದಿನವಿಡೀ ಬಾಗಿರಬೇಕು. ಬೇರೊಂದು ಕೀಲಿಮಣೆ ಕೊಟ್ಟು ಪರದೆಯನ್ನು ಎತ್ತರಿಸಿದರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಲ್ಯಾಪ್‌ಟಾಪಿನ ಬೆಲೆಯೆದುರು ಆ ಖರ್ಚು ಎಷ್ಟರದು?

ನಿಂತು ದುಡಿಯುವ ಕಾರ್ಮಿಕರಿಗೆ ಬಿಡುವು ಸಿಕ್ಕಾಗ ಕೂರಲು ಆಸನವಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು. ದುಡಿಸಿಕೊಳ್ಳುವವರ ಆ ಹೊಣೆ ನಮ್ಮ ಮನೆಯ ಹೊಸ್ತಿಲಾಚೆಯೇ ನಿಂತುಬಿಡುವುದು ನ್ಯಾಯವಲ್ಲ. ಕುರ್ಚಿ ಕಚೇರಿಯಿಂದ ಹೊರಟರೆ ಸ್ಟಾಕ್ ರಿಜಿಸ್ಟರಿನಲ್ಲಿ ಏನೆಂದು ಬರೆಯುವುದು ಎಂಬ ಪ್ರಶ್ನೆ ಏಳುತ್ತದೆ (ಸರ್ಕಾರಿ ನೌಕರಿಯವಳಾದ ನನಗೆ ಅದು ಅಪರಿಚಿತವಲ್ಲ). ಲ್ಯಾಪ್‌ಟಾಪಿಗೆ ಬರೆದಂತೆಯೇ ಬರೆಯಬಹುದು.

ವೇಳೆಯ ವಿಚಾರ ಇನ್ನೂ ಗಂಭೀರ. ವಾರಕ್ಕೆ 35–40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜಿಸಿದವು. ಮನೆಯಲ್ಲಿ ಆ ಗಂಟೆಗಳನ್ನು ಎಣಿಸುವವರಾರು? ತುರ್ತಿನ ಹೊರತು ವೇಳೆ ಮೀರಿ ನೌಕರರನ್ನು ಸಂಪರ್ಕಿಸಬಾರದೆಂದು ಪೋರ್ಚುಗಲ್ ಅದೇ ವರ್ಷ ಕಾನೂನು ಮಾಡಿತು. ನಮ್ಮಲ್ಲಿ ರಾತ್ರಿ ಒಂಬತ್ತಕ್ಕೆ ‘ಒಂದೇ ನಿಮಿಷ’ ಎನ್ನುವ ಮೇಲಧಿಕಾರಿಗಳ ಕರೆ ನಿಲ್ಲಲು ಸದ್ಯಕ್ಕೆ ಒಂದು ಸುತ್ತೋಲೆ ಸಾಕು. ಅದಕ್ಕೆ ಸಹಿ ಹಾಕಬೇಕಾದವರೂ ಅವರೇ.