ಮಾದರಿ ನಿರ್ಮಾಣಕ್ಕೆ ಸಣ್ಣ ಹಲ್ಲಿನ ಗರಗಸ

ಶಾಲೆಗಳ ವಸ್ತುಪ್ರದರ್ಶನಗಳಲ್ಲಿ ಇಂದು ಕಾಣಸಿಗುವ ಮಾದರಿಗಳಲ್ಲಿ ಬಹುಪಾಲು ಎರಡು ಬಗೆಯವು. ಮೊದಲನೆಯವು ಥರ್ಮೋಕೋಲಿನ ಹಲಗೆಯನ್ನು ಕಾದ ತಂತಿಯಿಂದಲೋ ಬ್ಲೇಡಿನಿಂದಲೋ ಕೊಯ್ದು, ಬಣ್ಣದ ಕಾಗದ ಅಂಟಿಸಿ ನಿಲ್ಲಿಸಿದವು. ಎರಡನೆಯವು ಅಂಗಡಿಯಿಂದ ಸಿದ್ಧವಾಗಿಯೇ ಬಂದವು. ಪೋಷಕರು ಹಣ ತೆತ್ತಿರುತ್ತಾರೆ, ಅಂಗಡಿಯವನು ಮಾಡಿರುತ್ತಾನೆ, ವಿದ್ಯಾರ್ಥಿ ಹೊತ್ತು ತಂದಿರುತ್ತಾನೆ, ಅತಿಥಿಗಳು ಬೆನ್ನು ತಟ್ಟುತ್ತಾರೆ. ಮರದಲ್ಲಿ ಮಾಡಿದ ಮಾದರಿ ಎಲ್ಲಿಯಾದರೂ ಒಂದು ಕಂಡರೆ ಅದರ ಸಂದುಗಳು ಬಾಯಿ ತೆರೆದಿರುತ್ತವೆ, ಅಂಚುಗಳು ಹರಿದಿರುತ್ತವೆ. ಕಾರಣ ಕೇಳಿದರೆ ಹುಡುಗನ ಕೈ ಸಾಲದೆಂಬ ಉತ್ತರ ಬರುತ್ತದೆ. ವಾಸ್ತವವಾಗಿ ಸಾಲದೇ ಇರುವುದು ಅವನ ಕೈಗೆ ಕೊಟ್ಟ ಗರಗಸ. ಬಾಗಿಲ ಚೌಕಟ್ಟನ್ನು ಕೊಯ್ಯುವ ಗರಗಸದಿಂದ ಬೆಂಕಿಕಡ್ಡಿಯ ದಪ್ಪದ ಕಂಬವನ್ನು ಕೊಯ್ಯಹೇಳಿದರೆ ನುರಿತ ಬಡಗಿಯೂ ಸೋಲುತ್ತಾನೆ.

ದಾವಣಗೆರೆ–ಹರಿಹರದ ಪ್ರದೇಶದಲ್ಲಿ ಇಂಥ ಸ್ಥಿತಿ ಇರುವುದು ವಿಚಿತ್ರವೆನಿಸುತ್ತದೆ. ಹರಿಹರದಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅದರ ತೆರೆದ ಮಂಟಪದಲ್ಲಿ ನಿಂತವರಿಗೆ ತಿರುಗಣೆಯಲ್ಲಿ ಕಡೆದ ಬಳಪದ ಕಲ್ಲಿನ ಕಂಬಗಳ ನುಣುಪನ್ನು ವಿವರಿಸಿ ಹೇಳಬೇಕಾದುದಿಲ್ಲ. ಅದೇ ಊರಿನಲ್ಲಿ, ಸುಮಾರು ಏಳು ಶತಮಾನಗಳ ಅನಂತರ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾಗಿ ಲೇಥುಗಳನ್ನು, ಅಂದರೆ ಕಡೆಯುವ ಯಂತ್ರಗಳನ್ನೇ, ತಯಾರಿಸತೊಡಗಿತು. ಇದನ್ನು ಕಾಕತಾಳೀಯವೆಂದರೂ ಸರಿ. ಕಡೆತದ ಕಂಬಗಳ ಊರು ಕಡೆಯುವ ಯಂತ್ರಗಳ ಊರೂ ಆಯಿತು. ಈ ಶತಮಾನದ ಆರಂಭದ ಹೊತ್ತಿಗೆ ಆ ಕಾರ್ಖಾನೆ ಮುಚ್ಚಿತು. ಆದರೆ ಮಿಲಿಮೀಟರಿನ ಭಾಗಗಳಲ್ಲಿ ಯೋಚಿಸಬಲ್ಲ ಕೈಗಳು ಒಂದೇ ದಿನದಲ್ಲಿ ಮಾಯವಾಗುವುದಿಲ್ಲ. ಈ ಮಾತನ್ನು ಮುಂದೆ ಮತ್ತೆ ಎತ್ತಿಕೊಳ್ಳಬೇಕಾಗಿದೆ.

ಮೊದಲು ಗರಗಸದ ವಿಚಾರ. ಗರಗಸವು ಮರವನ್ನು ಎರಡಾಗಿಸುವಾಗ ನಡುವೆ ಒಂದಿಷ್ಟನ್ನು ತಿಂದುಹಾಕುತ್ತದೆ. ಹಾಗೆ ಹುಡಿಯಾಗಿ ಉದುರಿಹೋಗುವ ಪಟ್ಟಿಯ ಅಗಲವೇ ಮಾದರಿ ಮಾಡುವವನು ಅರಿಯಬೇಕಾದ ಮೊದಲ ಲೆಕ್ಕ. ಬಡಗಿಯ ಸಾಮಾನ್ಯ ಕೈಗರಗಸಕ್ಕೆ ಅಂಗುಲಕ್ಕೆ ಏಳೆಂಟು ಹಲ್ಲುಗಳಿರುತ್ತವೆ. ಅವು ಎಡಕ್ಕೊಂದು ಬಲಕ್ಕೊಂದರಂತೆ ಓರೆಯಾಗಿರುವುದರಿಂದ ಸುಮಾರು ಒಂದೂವರೆ ಮಿಲಿಮೀಟರಿನಷ್ಟು ಮರ ಹುಡಿಯಾಗುತ್ತದೆ. ಮನೆಯ ತೊಲೆಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ದೇವಾಲಯವನ್ನು ಐವತ್ತರಲ್ಲಿ ಒಂದರ ಪ್ರಮಾಣಕ್ಕೆ ಇಳಿಸಿ ಮಾಡುವಾಗ ಆ ಒಂದೂವರೆ ಮಿಲಿಮೀಟರು ನಿಜವಾದ ಕಟ್ಟಡದ ಏಳೂವರೆ ಸೆಂಟಿಮೀಟರಿಗೆ ಸಮ. ಒಂದು ಪಟ್ಟಿಯಿಂದ ಇಪ್ಪತ್ತು ತುಂಡುಗಳನ್ನು ಕತ್ತರಿಸಿದರೆ ಮೂರು ಸೆಂಟಿಮೀಟರು ಮರ ನೆಲದ ಪಾಲು. ಅದೇ ಕೆಲಸವನ್ನು 0.4 ಮಿಲಿಮೀಟರು ತಿನ್ನುವ ಸಣ್ಣ ಗರಗಸದಿಂದ ಮಾಡಿದರೆ ನಷ್ಟ 8 ಮಿಲಿಮೀಟರು ಮಾತ್ರ. ಅಷ್ಟೇ ಅಲ್ಲ, ಕೊಯ್ದ ಮುಖವು ಉಪ್ಪುಕಾಗದದ ಹಂಗಿಲ್ಲದೆ ಅಂಟಿಗೆ ಸಿದ್ಧವಾಗಿರುತ್ತದೆ. ಗಣಿತದ ಅಧ್ಯಾಪಕರು ಪ್ರಮಾಣದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಹಾಗೆಂದು ಹಲ್ಲು ಸಣ್ಣದಾದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಕೊಳ್ಳುವವರು ಎಡವುವುದು ಇಲ್ಲಿಯೇ. ಒಂದು ಹಲ್ಲಿಗೂ ಮತ್ತೊಂದಕ್ಕೂ ನಡುವಿನ ಸಂದಿ ಹುಡಿಯನ್ನು ಹೊತ್ತು ಹೊರಹಾಕುವ ಬುಟ್ಟಿಯಿದ್ದಂತೆ. ದಪ್ಪ ಮರದಲ್ಲಿ ಆ ಸಣ್ಣ ಬುಟ್ಟಿ ತುಂಬಿಹೋಗಿ ಗರಗಸ ಕೊಯ್ಯುವುದನ್ನು ಬಿಟ್ಟು ಜಾರತೊಡಗುತ್ತದೆ. ಆಗ ವಿದ್ಯಾರ್ಥಿ ಭಾರ ಹಾಕುತ್ತಾನೆ, ತೆಳು ತಗಡು ಬಾಗುತ್ತದೆ, ಗೆರೆ ಓರೆಯಾಗುತ್ತದೆ. ಹಲ್ಲು ತೀರ ದೊಡ್ಡದಾದರೆ ತೆಳು ಹಲಗೆ ಎರಡು ಹಲ್ಲುಗಳ ನಡುವೆ ಸಿಕ್ಕಿಕೊಂಡು ಸೀಳುತ್ತದೆ. ಕೊಯ್ಯುವ ವಸ್ತುವಿನ ದಪ್ಪದೊಳಗೆ ಒಮ್ಮೆಗೆ ಕನಿಷ್ಠ ಮೂರು ಹಲ್ಲುಗಳಾದರೂ ಇರಬೇಕೆಂಬ ಕಾರ್ಖಾನೆಗಳ ಹಳೆಯ ನಿಯಮವನ್ನು ಇಲ್ಲಿಯೂ ಹಿಡಿಯಬಹುದು. ಅಂಗುಲಕ್ಕೆ 24 ಹಲ್ಲುಗಳೆಂದರೆ ಹಲ್ಲಿನಿಂದ ಹಲ್ಲಿಗೆ ಸುಮಾರು ಒಂದು ಮಿಲಿಮೀಟರು. ಅದು 3 ಮಿಲಿಮೀಟರು ಹಲಗೆಯಿಂದ ಮೇಲಕ್ಕೆ ಸರಿಹೋಗುತ್ತದೆ. ಒಂದೂವರೆ ಮಿಲಿಮೀಟರು ತೆಳುವಿಗೆ ಐವತ್ತರ ಆಸುಪಾಸಿನ ಹಲ್ಲು ಬೇಕು. ಬೆರಳಿನಷ್ಟು ದಪ್ಪದ ರೀಪರಿಗೆ ಹನ್ನೆರಡು ಹದಿನಾಲ್ಕು ಹಲ್ಲಿನ, ಬೆನ್ನಿಗೆ ಪಟ್ಟಿ ಕೂಡಿಸಿದ ಗರಗಸವೇ ಸಾಕು.

ಅಗ್ಗದ ದಾರಿಯೊಂದಿದೆ. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡುಗಳು ಅಂಗುಲಕ್ಕೆ 14, 18, 24, 32 ಹಲ್ಲುಗಳಲ್ಲಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ದೊರೆಯುತ್ತವೆ. 32ರ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದರೆ ಅನೇಕ ಕೆಲಸಗಳು ನಡೆಯುತ್ತವೆ. ಆದರೆ ಅದರ ಹಲ್ಲುಗಳು ಅಲೆಯಂತೆ ಎಡಬಲಕ್ಕೆ ಬಳುಕಿರುವುದರಿಂದ ತಗಡಿನ ದಪ್ಪಕ್ಕಿಂತ ಕೊಯ್ತ ಅಗಲವಾಗುತ್ತದೆ. ಬೆನ್ನಿಗೆ ಆಧಾರವಿಲ್ಲದ್ದರಿಂದ ನೇರವಾಗಿಯೂ ಹೋಗದು. ಮಾದರಿಗಾರರಿಗೆಂದೇ ತಯಾರಾಗುವ ಗರಗಸಗಳು ಈ ಎರಡು ದೋಷಗಳನ್ನೂ ನೀಗಿಕೊಂಡಿವೆ. ಕ್ಷೌರದ ಅಲಗಿನಂತೆ ತೆಳುವಾದ ತಗಡು, ಅದು ಬಳುಕದಂತೆ ಬೆನ್ನಿಗೊಂದು ಹಿತ್ತಾಳೆಯ ಅಥವಾ ಉಕ್ಕಿನ ಪಟ್ಟಿ, ಹಲ್ಲುಗಳಿಗೆ ಹೆಸರಿಗಷ್ಟೇ ಓರೆ: ಇದು ಅವುಗಳ ರಚನೆ. ಬೆನ್ನಿನ ಪಟ್ಟಿಯವರೆಗೆ ಮಾತ್ರ ಅವು ಇಳಿಯಬಲ್ಲವು ಎಂಬುದನ್ನು ಕೊಳ್ಳುವ ಮುನ್ನವೇ ಗಮನಿಸಬೇಕು. ಜಪಾನಿನ ಗರಗಸಗಳದು ಇನ್ನೊಂದು ಯುಕ್ತಿ. ಅವು ತಳ್ಳುವಾಗ ಕೊಯ್ಯದೆ ಎಳೆಯುವಾಗ ಕೊಯ್ಯುತ್ತವೆ. ಎಳೆದ ಹಗ್ಗ ತಾನಾಗಿಯೇ ನೇರವಾಗುವಂತೆ ಎಳೆತದಲ್ಲಿರುವ ತಗಡೂ ನೇರವಾಗಿ ನಿಲ್ಲುವುದರಿಂದ ಅದನ್ನು ಇನ್ನಷ್ಟು ತೆಳುಮಾಡಲು ಸಾಧ್ಯವಾಗಿದೆ.

ಇದನ್ನು ಕೇಳಿದೊಡನೆ ಪರದೇಶದ ಸಾಮಾನಿಗೆ ಪಟ್ಟಿ ಬರೆಯಬೇಕಾದ ಅವಶ್ಯಕತೆಯಿಲ್ಲ. ಎಳೆದು ಕೊಯ್ಯುವ ಗರಗಸ ಇಲ್ಲಿಯ ಪ್ರತಿಯೊಬ್ಬ ಅಕ್ಕಸಾಲಿಗನ ಮುಂದೆಯೂ ಇದೆ. ಬಿಲ್ಲಿನಂತಹ ಚೌಕಟ್ಟು, ಅದರಲ್ಲಿ ದಾರದಷ್ಟು ಸಣ್ಣ ಅಲಗು. ಹಲ್ಲುಗಳು ಹಿಡಿಯ ಕಡೆಗೆ ಬಾಗಿರುತ್ತವೆ. ಅಲಗುಗಳಿಗೆ ಅಂಕೆಗಳಿವೆ. ಸೊನ್ನೆಗಳು ಹೆಚ್ಚಿದಷ್ಟೂ ಅಲಗು ಸಣ್ಣದು: ಎರಡು ಸೊನ್ನೆಗಿಂತ ನಾಲ್ಕು ಸೊನ್ನೆ, ನಾಲ್ಕಕ್ಕಿಂತ ಎಂಟು ಸೊನ್ನೆ ಸೂಕ್ಷ್ಮ. ಬಂಗಾರದ ತಗಡಿನಲ್ಲಿ ಬಳ್ಳಿಯ ಸುರುಳಿಯನ್ನು ಕೊರೆಯುವ ಈ ಸಾಧನವು ತೆಳು ಹಲಗೆಯಲ್ಲಿ ಜಾಲಂಧ್ರದ ರಂಧ್ರಗಳನ್ನು ಕೊರೆಯಲೂ ಅಷ್ಟೇ ಯೋಗ್ಯ. ಮೊದಲು ಸಣ್ಣ ತೂತು ಮಾಡಿ, ಅಲಗಿನ ಒಂದು ತುದಿಯನ್ನು ಬಿಚ್ಚಿ ತೂತಿನೊಳಗೆ ತೂರಿಸಿ, ಮತ್ತೆ ಬಿಗಿದು, ಚೌಕಟ್ಟನ್ನು ಲಂಬವಾಗಿ ಮೇಲೆ ಕೆಳಗೆ ಆಡಿಸಬೇಕು. ತಿರುವಿನಲ್ಲಿ ಗರಗಸವನ್ನು ತಿರುಗಿಸುವುದಕ್ಕಿಂತ ಹಲಗೆಯನ್ನೇ ತಿರುಗಿಸುವುದು ಕ್ಷೇಮ. ಕೆಲಸಕ್ಕೆ ಆಧಾರವಾಗಿ ಮೇಜಿನ ಅಂಚಿಗೆ ಹಕ್ಕಿಯ ಕೊಕ್ಕಿನಂತೆ ಸೀಳಿದ ಒಂದು ಮರದ ತುಂಡನ್ನು ಬಿಗಿದುಕೊಳ್ಳುವುದು, ಅಲಗಿಗೆ ಆಗಾಗ ಮೇಣ ಸವರುವುದು, ಇವೆಲ್ಲ ಅಕ್ಕಸಾಲಿಗರ ಮನೆಯ ಮಕ್ಕಳಿಗೆ ಕಲಿಸದೆಯೇ ಬಂದ ವಿದ್ಯೆಗಳು. ಅಂಥ ಒಬ್ಬ ಹಿರಿಯರನ್ನು ಶಾಲೆಗೆ ಕರೆಸಿ ಅರ್ಧ ದಿನ ಕೂರಿಸಿದರೆ ಯಾವ ಕೈಪಿಡಿಯೂ ಬೇಡ.

ಬಳಕೆಯ ಕ್ರಮ ಸರಳವಾದರೂ ತಾಳ್ಮೆಯನ್ನು ಬೇಡುತ್ತದೆ. ಪೆನ್ಸಿಲಿನ ಗೆರೆಗೂ ದಪ್ಪವಿದೆ. ಆದ್ದರಿಂದ ಮೂಲೆಮಟ್ಟವನ್ನಿಟ್ಟು ಚಾಕುವಿನ ಮೊನೆಯಿಂದ ಗೆರೆ ಕೊರೆಯಬೇಕು. ಆ ಗೀರು ಮೇಲ್ಮೈಯ ಎಳೆಗಳನ್ನು ಮೊದಲೇ ಕಡಿದಿರುವುದರಿಂದ ಅಂಚು ಹರಿಯುವುದಿಲ್ಲ. ಪ್ಲೈವುಡ್ಡಾದರೆ ಗೆರೆಯ ಮೇಲೆ ಅಂಟುಪಟ್ಟಿ ಹಚ್ಚಿ ಕೊಯ್ದರೆ ಇನ್ನೂ ಮೇಲು. ಗರಗಸವನ್ನು ಗೆರೆಯ ಮೇಲಿಡದೆ ಅದರ ಹೊರಮಗ್ಗುಲಲ್ಲಿ, ಬಿಸಾಡುವ ತುಂಡಿನ ಕಡೆಗೆ ಇಡಬೇಕು. ತೋರುಬೆರಳು ತಗಡಿನ ದಿಕ್ಕಿಗೆ ಚಾಚಿರಲಿ. ಮೊದಲ ಎರಡು ಮೂರು ಎಳೆತಗಳು ಗರಗಸದ ತೂಕದಿಂದಲೇ ಆಗಬೇಕು. ಮುಂದೆಯೂ ಕೈಯ ಭಾರವನ್ನು ಹೊರಿಸಬಾರದು. ಒಂದು ಅಂಚಿಗೆ ತಡೆಪಟ್ಟಿ ಹೊಡೆದ ಅಂಗೈಯಗಲದ ಹಲಗೆಯೊಂದಿದ್ದರೆ ಸಣ್ಣ ತುಂಡುಗಳು ಜಾರುವುದಿಲ್ಲ. ಪ್ಲಾಸ್ಟಿಕ್ಕನ್ನು ಕೊಯ್ಯುವಾಗ ಅವಸರ ಮಾಡಿದರೆ ಬಿಸಿಗೆ ಅದು ಕರಗಿ ಹಲ್ಲುಗಳಿಗೆ ಮೆತ್ತಿಕೊಳ್ಳುತ್ತದೆ.

ಮರದ ಆಯ್ಕೆಯೂ ಗರಗಸದಷ್ಟೇ ಮುಖ್ಯ. ಸಾಗುವಾನಿಯ ಮೋಹ ಎಲ್ಲರಿಗೂ ಇದೆ. ಆದರೆ ಅದರೊಳಗಿನ ಮರಳಿನಂಶ ಸಣ್ಣ ಹಲ್ಲುಗಳನ್ನು ಬೇಗ ಮೊಂಡಾಗಿಸುತ್ತದೆ. ಚನ್ನಪಟ್ಟಣದ ಗೊಂಬೆಗಾರರು ಬಳಸುವ ಆಲೆ ಮರ ದಂತವರ್ಣದ್ದು, ಒತ್ತಾದ ನಯವಾದ ಎಳೆಯದು. ಮಾದರಿಗೆ ಅದಕ್ಕಿಂತ ಹಿತವಾದ ಮರ ದುರ್ಲಭ.

ಇನ್ನು ಆಕ್ಷೇಪಣೆಗಳು. ಮಕ್ಕಳ ಕೈಗೆ ಗರಗಸ ಅಪಾಯವೆಂಬುದು ಪೋಷಕರ ಮೊದಲ ಮಾತು. ಸಣ್ಣ ಹಲ್ಲಿನ ಗರಗಸ ತಾಗಿದರೆ ಚರ್ಮ ಗೀರೀತು, ನಿಜ. ಆದರೆ ಇಂದು ಅದೇ ಮಕ್ಕಳು ಹಿಡಿಯಿಲ್ಲದ ಬ್ಲೇಡಿನಿಂದ ಥರ್ಮೋಕೋಲನ್ನು ಕತ್ತರಿಸುತ್ತಿದ್ದಾರೆ, ಕಾದ ತಂತಿಯಿಂದೇಳುವ ಹೊಗೆಯನ್ನು ಉಸಿರಾಡುತ್ತಿದ್ದಾರೆ. ಅದಕ್ಕೆ ಆಕ್ಷೇಪಣೆ ಬಂದುದಿಲ್ಲ. ಎರಡನೆಯ ಮಾತು ಯಂತ್ರಗಳದು. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಮೂಲಕ ಮೂರು ಆಯಾಮದ ಮುದ್ರಣಯಂತ್ರಗಳು ಶಾಲೆಗಳನ್ನು ಪ್ರವೇಶಿಸಿವೆ. ಲೇಸರ್ ಕಿರಣದಿಂದ ಹಲಗೆ ಕೊಯ್ಯುವ ಯಂತ್ರಗಳೂ ನಗರಗಳಲ್ಲಿವೆ. ಅವು ಬೇಡವೆನ್ನುವುದು ಅವಿವೇಕ. ಆದರೆ ಲೇಸರ್ ಕಿರಣವೂ ಒಂದಿಷ್ಟು ಮರವನ್ನು ಸುಟ್ಟು ತಿನ್ನುತ್ತದೆ, ಆ ಲೆಕ್ಕವನ್ನು ನಕ್ಷೆಯಲ್ಲಿ ಹಿಡಿಯದಿದ್ದರೆ ಸಂದುಗಳು ಸಡಿಲಾಗುತ್ತವೆ. ಕೈಗರಗಸದಲ್ಲಿ ನಾಲ್ಕು ತುಂಡು ಹಾಳುಮಾಡಿದ ವಿದ್ಯಾರ್ಥಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗುವುದಿಲ್ಲ.

ಮೂರನೆಯ ಆಕ್ಷೇಪಣೆ ಬಲವಾದುದು: ಕಲಿಸುವವರು ಯಾರು? 1937ರ ವಾರ್ಧಾ ಸಮ್ಮೇಳನದಿಂದ ಹೊರಟ ಮೂಲಶಿಕ್ಷಣದ ವಿಚಾರ, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸೂಚಿಸಿದ ಸಮಾಜೋಪಯೋಗಿ ಉತ್ಪಾದಕ ಕಾರ್ಯ, ಎರಡೂ ಬಹಳ ಕಡೆ ವೇಳಾಪಟ್ಟಿಯ ಒಂದು ಅವಧಿಯಾಗಿ ಸೊರಗಿದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮುಂತಾದವರ ಬಳಿ ಕಲಿಯಬೇಕೆಂದಿತು. ಆ ನೀತಿಯ ಬಗ್ಗೆ ರಾಜ್ಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಈ ಒಂದು ಮಾತಿಗೆ ಕಲಹದ ಎಡೆಯಿಲ್ಲ. ಬಾಚಿ ಹಿಡಿದು ಕಾಯಕ ಮಾಡಿದ ಬಸವಯ್ಯನನ್ನು ಶರಣನೆಂದು ಗೌರವಿಸುವ ಪರಂಪರೆಯ ಶಾಲೆಗೆ ಬಡಗಿಯನ್ನು ಗುರುವೆಂದು ಕರೆತರಲು ಯಾರ ಅಪ್ಪಣೆಯೂ ಬೇಕಿಲ್ಲ.

ಹರಿಹರದ ಕಾರ್ಖಾನೆಯ ಮಾತನ್ನು ಇಲ್ಲಿ ಎತ್ತಿಕೊಳ್ಳಬೇಕು. ಲೇಥಿನ ಎರಕದ ಕಬ್ಬಿಣದ ತಳ ಸಿದ್ಧವಾಗುವ ಮೊದಲು ಅದರ ರೂಪ ಮರದಲ್ಲಿ ಮೂಡಬೇಕು. ಕರಗಿದ ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. ಆದ್ದರಿಂದ ಒಂದು ಮೀಟರಿನ ಭಾಗಕ್ಕೆ ಮರದ ರೂಪವನ್ನು ಹತ್ತು ಮಿಲಿಮೀಟರು ಹೆಚ್ಚಿಗೆ ಮಾಡಬೇಕು. ಎರಕದ ಮನೆಗಳಲ್ಲಿ ಈ ಕೆಲಸ ಮಾಡಿದವರೇ ನಿಜವಾದ ಮಾದರಿಗಾರರು. ಅಂಥ ಕೆಲಸದಲ್ಲಿ ಕೈ ಪಳಗಿಸಿಕೊಂಡು ನಿವೃತ್ತರಾದವರು ಈ ಭಾಗದಲ್ಲಿ ಇನ್ನೂ ಇದ್ದಾರೆ, ಅವರ ವಯಸ್ಸು ಏರುತ್ತಿದೆ. ಹಳೆಯ ವಿದ್ಯಾರ್ಥಿಗಳ ಸಂಘ ತನ್ನ ಸದಸ್ಯರ ಮನೆಗಳಲ್ಲೇ ವಿಚಾರಿಸಿದರೆ ಒಬ್ಬಿಬ್ಬರು ಸಿಗದಿರಲಾರರು.

ದಾನಿಗಳಿಗೆ ಒಂದು ಮಾತು. ವರ್ತಕ ಮನೆತನದ ಹೆಸರನ್ನು ಹೊತ್ತು 1951ರಲ್ಲಿ ಆರಂಭವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ದಾವಣಗೆರೆಯಲ್ಲಿದೆ; ಈ ಊರಿನ ಔದಾರ್ಯಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ದಾನ ಕಟ್ಟಡಕ್ಕೂ ಯಂತ್ರಕ್ಕೂ ಸುಲಭವಾಗಿ ಹರಿಯುತ್ತದೆ, ಏಕೆಂದರೆ ಅವುಗಳ ಮೇಲೆ ಫಲಕ ಹಾಕಬಹುದು. ಗರಗಸದ ಮೇಲೆ ಫಲಕ ಹಾಕಲು ಜಾಗವಿಲ್ಲ. ಒಂದು ಮುದ್ರಣಯಂತ್ರಕ್ಕೆ ಆಗುವ ವೆಚ್ಚದಲ್ಲಿ ಒಂದು ತರಗತಿಯ ಪ್ರತಿ ವಿದ್ಯಾರ್ಥಿಯ ಕೈಗೂ ಅಕ್ಕಸಾಲಿಗರ ಚೌಕಟ್ಟೊಂದನ್ನು ಕೊಡಬಹುದು, ನಾಲ್ವರಿಗೊಂದರಂತೆ ಬೆನ್ನುಪಟ್ಟಿಯ ಸಣ್ಣ ಗರಗಸಗಳನ್ನೂ ಕೊಳ್ಳಬಹುದು. ಅಲಗುಗಳು ಮುರಿಯುತ್ತವೆ, ಆರಂಭದಲ್ಲಿ ಬಹಳವಾಗಿ ಮುರಿಯುತ್ತವೆ. ಆದ್ದರಿಂದ ಒಮ್ಮೆ ಕೊಟ್ಟು ಮುಗಿಸುವ ದೇಣಿಗೆಗಿಂತ ವರ್ಷವರ್ಷವೂ ಅಲಗುಗಳಿಗೆಂದು ತೆಗೆದಿರಿಸುವ ಸಣ್ಣ ಮೊತ್ತ ಹೆಚ್ಚು ಉಪಯುಕ್ತ. ಸೂಕ್ಷ್ಮ ಹಲ್ಲುಗಳನ್ನು ಅರದಿಂದ ಮಸೆದು ಹರಿತಗೊಳಿಸುವುದು ಕಷ್ಟಸಾಧ್ಯ. ಮೊಂಡಾದುದನ್ನು ಬದಲಿಸಬೇಕಾಗುತ್ತದೆಂಬುದನ್ನು ಲೆಕ್ಕಪತ್ರ ನೋಡುವವರು ದುಂದುಗಾರಿಕೆಯೆಂದು ಎಣಿಸಬಾರದು.

ಕೊಂಡ ಮೇಲೆ ಅವು ತಪಾಸಣೆಯ ದಿನದವರೆಗೆ ಬೀಗ ಹಾಕಿದ ಕಪಾಟಿನಲ್ಲಿ ಮಲಗಬಾರದು. ಗೋಡೆಗೆ ಹಲಗೆಯೊಂದನ್ನು ಬಡಿದು, ಪ್ರತಿ ಗರಗಸದ ಆಕಾರವನ್ನು ಅದರ ಮೇಲೆ ಬಣ್ಣದಲ್ಲಿ ಬರೆದು ನೇತುಹಾಕಿದರೆ ಯಾವುದು ಮರಳಿಲ್ಲವೆಂಬುದು ದೂರದಿಂದಲೇ ಕಾಣುತ್ತದೆ. ಹಲ್ಲಿನ ಸಾಲಿಗೆ ಸೀಳಿದ ಬಿದಿರಿನ ಒರೆಯೊಂದು ಇರಲಿ. ಮಳೆಗಾಲಕ್ಕೆ ಮೊದಲು ತಗಡಿಗೆ ಹೊಲಿಗೆಯಂತ್ರದ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಒರೆಸಿಡಬೇಕು, ಮರ ಕೊಯ್ಯುವ ಮುನ್ನ ಅದನ್ನು ಮತ್ತೆ ಒರೆಸಿ ತೆಗೆಯಬೇಕು. ಎಣ್ಣೆ ಹತ್ತಿದ ಮರಕ್ಕೆ ಅಂಟು ಕೂರುವುದಿಲ್ಲ.